ಎದುರು ರೂಮಿನ ಮಕ್ಕಳು

“ಹೆಣ ಇನ್ನೂ ಮನೇಲೇ ಇದೆ. ಈಗ್ಲೇ ರೂಮಿನ ಮಾತಾ ನಿಮ್ಮದು?” ಎನ್ನುತ್ತ ಅನಸೂಯ ಕೈಯಲ್ಲಿದ್ದ ಹಾರವನ್ನು ಐಸ್ ಪೆಟ್ಟಿಗೆಯ ಮೇಲೆ ಎಸೆದಂತೆ ಹಾಕಿದಳು. ಅದು ಜಾರಿ ನೆಲಕ್ಕೆ ಬಿತ್ತು. ಎತ್ತಿ, ಸಿಕ್ಕು ಬಿಡಿಸಿ, ಮತ್ತೆ ಹಾಕಿದಳು. ಗಾಜಿನ ಕೆಳಗೆ ವಿನೋದಾ ಮುಖಕ್ಕೆಲ್ಲ ಅರಿಶಿನ ಹಚ್ಚಿಸಿಕೊಂಡು ಮಲಗಿದ್ದಳು. ಮೊನ್ನೆ ಶುಕ್ರವಾರ ಪಾಠ ಮಾಡಿ ಮನೆಗೆ ಹೋದವಳು.

ಶಾಲಾ ಕಮಿಟಿಯ ಕಾರ್ಯದರ್ಶಿ ಕೃಷ್ಣಪ್ರಸಾದ ಬ್ಯಾಂಕಿನಿಂದ ನಿವೃತ್ತರಾದವರು. ದನಿ ಏರಿಸುವವರಲ್ಲ. “ಕೋಪ ಮಾಡ್ಕೋಬೇಡಿ ಅನಸೂಯಮ್ಮ. ಎಲ್ಲ ಇಲ್ಲೇ ಇದೀವಲ್ಲ ಅಂತ ಹೇಳಿದೆ. ವಿನೋದಾ ಅವರ ರೂಮಲ್ಲಿ ಕಂಪ್ಯೂಟರ್ ಹಾಕ್ಸೋಣ. ಆ ಮಕ್ಕಳಿಗೆ ಟಿ.ಸಿ. ಕೊಟ್ಬಿಟ್ರೆ ಕಾರ್ಪೊರೇಷನ್ ಶಾಲೆಗೆ ಹೋಗ್ತಾರೆ.”

“ಅಯ್ಯೋ, ಪಾವಂ,” ಎಂದು ತಮಿಳಿನಲ್ಲೇ ಮರುಗಿದಳು ಪಕ್ಕದಲ್ಲಿ ಕೂತಿದ್ದ ಕಲಾವತಿ. ಅವಳ ಮಗ ಸಾಯಿ ಅದೇ ಶಾಲೆಯಲ್ಲಿ ಕಲಿತವನು. “ಒಳ್ಳೇ ಹೆಂಗಸು. ಮುತ್ತೈದೆಯಾಗಿ ಹೋದ್ರು. ಆದ್ರೆ ಪಾಠ ಮಾತ್ರ ಕೈಹತ್ತಲಿಲ್ಲ ನೋಡಿ ಅವರಿಗೆ. ಆ ರೂಮಲ್ಲಿ ಒಂದು ಮಗೂನೂ ಓದಿದ್ದು ನಾನು ಕಾಣೆ.”

ಅನಸೂಯಳಿಗೆ ಮೈ ಉರಿಯಿತು. ಕಲಾವತಿಯ ಮೇಲಲ್ಲ, ಗಾಜಿನೊಳಗೆ ಸುಮ್ಮನೆ ಮಲಗಿದ್ದವಳ ಮೇಲೆ. ಬದುಕಿದ್ದಾಗಲೂ ಇವಳು ಹೀಗೇ ಬಾಯಿ ಬಿಟ್ಟವಳಲ್ಲ.

* * *

ಚೆನ್ನೈನ ವಡಪಳನಿಯ ಆ ಪುಟ್ಟ ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳನ್ನು ಮೊದಲ ವಾರವೇ ಎರಡು ಪಾಲು ಮಾಡುತ್ತಿದ್ದರು. ಬೇಗ ಅಕ್ಷರ ಹಿಡಿದವರು ಅನಸೂಯಳ ರೂಮಿಗೆ, ಹಿಡಿಯದವರು ಎದುರಿನ ವಿನೋದಾಳ ರೂಮಿಗೆ. ಹೋಟೆಲ್ ಅಡಿಗೆಯವರ ಮಕ್ಕಳು, ಸ್ಟುಡಿಯೋದಲ್ಲಿ ಲೈಟು ಹೊರುವವರ ಮಕ್ಕಳು. ಮನೆಯಲ್ಲಿ ಕನ್ನಡ ಕೇಳಿ ಬೀದಿಯಲ್ಲಿ ತಮಿಳು ಆಡುವವರು.

ಅಲ್ಲಿ ಒಂದು ಮಗು ತಡವರಿಸದೆ ಒಂದು ಸಾಲು ಓದಿತೋ, ವಿನೋದಾ ಅದೇ ಮಧ್ಯಾಹ್ನ ಅದರ ಕೈ ಹಿಡಿದು, ಸ್ಲೇಟಿನ ಸಮೇತ, ವರಾಂಡ ದಾಟಿಸಿ ತಂದುಬಿಡುತ್ತಿದ್ದಳು.

“ಇನ್‌ಸ್ಪೆಕ್ಟರ್ ಬಂದು ಹೋಗೋವರೆಗಾದ್ರೂ ಇಟ್ಕೊಳೇ,” ಎಂದು ಅನಸೂಯ ರೇಗುತ್ತಿದ್ದಳು. “ಅವರ ಮುಂದೆ ಓದ್ಸು. ನಿನಗೂ ಒಂದು ಹೆಸರು ಬರ್ಲಿ.”

“ಓದಕ್ಕೆ ಬಂದ್ಮೇಲೆ ಇಲ್ಯಾಕೆ ಕೂರ್ಬೇಕು ಅಕ್ಕಾ? ಪಾಪ, ಬೇಜಾರಾಗಲ್ವಾ ಅದಕ್ಕೆ?”

ಹೀಗಾಗಿ ಇನ್‌ಸ್ಪೆಕ್ಟರ್ ಬಂದಾಗಲೆಲ್ಲ ವಿನೋದಾಳ ರೂಮಿನಲ್ಲಿ ಮಿಳಮಿಳನೆ ನೋಡುವ ಮಕ್ಕಳು, ಅನಸೂಯಳ ರೂಮಿನಲ್ಲಿ ಗಂಟಲು ಹರಿಯುವಂತೆ ಓದುವ ಮಕ್ಕಳು. ಕಮಿಟಿ ಅನಸೂಯಳಿಗೆ ಶಾಲು ಹೊದಿಸಿತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ವಿನೋದಾ. ತನ್ನ ರೂಮಿನಲ್ಲಿ ಯಾರಾದರೂ ಹಿಂದೆ ಬಿದ್ದರೆ ಅನಸೂಯ ಒಂದು ವಾರ ಕೂಗಾಡಿ, ತಲೆ ಚಚ್ಚಿಕೊಂಡು, ಎದುರು ರೂಮಿಗೆ ಅಟ್ಟುತ್ತಿದ್ದಳು. ಕೆಲವು ತಿಂಗಳಿಗೆ ಆ ಮಗುವೂ ಸ್ಲೇಟು ಹಿಡಿದು ವಾಪಸು ಬರುತ್ತಿತ್ತು.

* * *

“ನಮ್ಮ ಸಾಯೀನೇ ತಗೊಳ್ಳಿ,” ಕಲಾವತಿ ಇನ್ನೂ ಹೇಳುತ್ತಿದ್ದಳು. “ನಿಮ್ಮ ಕೈಗೆ ಸಿಕ್ಕಿದ್ದಕ್ಕೆ ಉದ್ಧಾರ ಆದ.”

“ನನ್ನ ಕೈಗೆ ಬರೋ ಹೊತ್ತಿಗೇ ಅವನು ಓದ್ತಿದ್ದ ಕಲಾವತಿ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಇವಳ ಮಗ್ಗುಲಲ್ಲಿ ಕೂತಿದ್ದ. ನಿಮಗೆ ನೆನಪಿಲ್ಲ, ಅಷ್ಟೆ.” ಅನಸೂಯ ಕೃಷ್ಣಪ್ರಸಾದರ ಕಡೆ ತಿರುಗಿದಳು. “ಕೇಳಿ ಸಾರ್. ಇವಳು ಕಲ್ಸಿ ಕಲ್ಸಿ ಕಳ್ಸಿದ್ಲು. ನಾನು ಓದ್ಸಿ ಹೆಸರು ತಗೊಂಡೆ.”

ಮನೆ ಮುಂದಿನ ಶಾಮಿಯಾನದ ಕೆಳಗಿದ್ದವರೆಲ್ಲ ಇತ್ತ ತಿರುಗಿದರು. ಮೂಲೆಯಲ್ಲಿ ಕುಕ್ಕರಗಾಲಲ್ಲಿದ್ದ ವಿನೋದಾಳ ಗಂಡ ಶ್ರೀಕಾಂತ ತಲೆ ಎತ್ತಿದ.

“ಶಾಲು ಹೊದ್ಸಿದಾಗ ಇದನ್ನ ಹೇಳ್ಲಿಲ್ಲ ನೀವು,” ಎಂದರು ಕೃಷ್ಣಪ್ರಸಾದ.

“ಹೇಳ್ಲಿಲ್ಲ. ಈಗ ಹೇಳ್ತಿದೀನಿ.”

“ಸರಿ, ಆ ರೂಮು ನಡೆಸೋರು ಯಾರು? ನೀವಾ? ನಿಮ್ಮ ಕೂಗಿಗೆ ಬೀದಿ ನಾಯಿ ಓಡತ್ತೆ.”

ಯಾರೋ ಕಿಸಕ್ಕೆಂದರು. ಅನಸೂಯಳಿಗೂ ಅದು ಗೊತ್ತಿತ್ತು. ತಾಳ್ಮೆಯೆಂಬುದು ತನಗಿಲ್ಲ. ಒಂದು ಪದಕ್ಕೆ ಅರ್ಧ ದಿನ ತೆಗೆದುಕೊಳ್ಳುವ ಮಕ್ಕಳೊಂದಿಗೆ ಒಂದು ವಾರ ಕಳೆಯುವುದೂ ತನ್ನಿಂದಾಗದು.

“ನಾನೇ,” ಎಂದಳು. “ನನ್ನ ಕ್ಲಾಸನ್ನ ಯಾರಿಗಾದ್ರೂ ಕೊಡಿ. ಓದೋ ಮಕ್ಕಳ ಮುಂದೆ ಯಾರು ಕೂತ್ರೂ ನಡೆಯತ್ತೆ. ಟಿ.ಸಿ. ಗಿ.ಸಿ. ಅಂದ್ರೆ ಎರಡು ರೂಮಿಗೂ ಬೀಗ ಹಾಕ್ಕೊಳ್ಳಿ, ನಾನೂ ಬರಲ್ಲ.”

ಕೃಷ್ಣಪ್ರಸಾದ ಕನ್ನಡಕ ಒರೆಸಿಕೊಂಡರು. “ಬೇಸಿಗೆ ರಜೆವರೆಗೆ ನೋಡೋಣ,” ಎಂದರು ಕೊನೆಗೆ.

ಗಂಡಸರು ಹೆಣವನ್ನು ವ್ಯಾನಿಗೆ ಏರಿಸಿಕೊಂಡು ಹೋದರು. ಮನೆ ತೊಳೆಯಲು ನೀರು ಹೊಯ್ಯತೊಡಗಿದಾಗ ಶಾಮಿಯಾನದ ಅಂಚಿನಲ್ಲಿ ಎದುರು ರೂಮಿನ ಮಕ್ಕಳು ಕಾಲು ಮೇಲಕ್ಕೆತ್ತಿಕೊಂಡು ಕೂತಿದ್ದರು. ಕಡೆಯ ಸಲ ಮಿಸ್ ಮುಖ ನೋಡಲೆಂದು ಬಂದವರು.

“ಮಿಸ್, ವೀಟುಕ್ಕು ಪೋಲಾಮಾ?” ಮನೆಗೆ ಹೋಗೋಣವೇ ಎಂದು ಒಬ್ಬ ಕೇಳಿದ.

“ಕನ್ನಡದಲ್ಲಿ ಕೇಳೋ. ಏಳಿ ಎಲ್ಲ. ಶಾಲೆ ಗೇಟಿಗೆ ನಿಮ್ಮಮ್ಮಂದಿರು ಬಂದಿರ್ತಾರೆ.”

ಅವಳ ನಡಿಗೆ ಯಾವಾಗಲೂ ದಾಪುಗಾಲು. ದೊಡ್ಡ ರಸ್ತೆಯ ಸಿಗ್ನಲ್ಲಿಗೆ ಬಂದು ತಿರುಗಿದಾಗ ಮಕ್ಕಳೆಲ್ಲ ಸೆರಗಿನ ಹಿಂದಿದ್ದರು. ಅಕ್ಷಯಾ ಒಬ್ಬಳು ಮಾತ್ರ ದೂರದಲ್ಲಿ, ಬಳೆ ಅಂಗಡಿಯ ಬೋರ್ಡಿನ ಕೆಳಗೆ ಕತ್ತೆತ್ತಿ ನಿಂತು, ಅದರ ಅಕ್ಷರಗಳನ್ನು ಗಾಳಿಯಲ್ಲಿ ಬೆರಳಿಂದ ತಿದ್ದುತ್ತಿದ್ದಳು. ವಾಹನಗಳು ನಿಂತವು. ಪೊಲೀಸಿನವನು ದಾಟಿ ಎಂದು ಪೀಪಿ ಊದಿದ. ಅನಸೂಯಳ ಬಾಯಿಯವರೆಗೆ ಬೈಗುಳ ಬಂತು. ಅವನು ಇನ್ನೊಮ್ಮೆ ಊದಿದ. ಅವಳು ರಸ್ತೆಗೆ ಇಳಿಸಿದ್ದ ಕಾಲನ್ನು ಹಿಂದಕ್ಕೆ ತೆಗೆದು, ಫುಟ್‌ಪಾತಿನ ಮೇಲೆ ಮಕ್ಕಳ ಪಕ್ಕದಲ್ಲಿ ಇಟ್ಟಳು.