ಒಂದು ವರ್ಷದ ವಾರಂಟಿ

ಮಾರ್ಚ್ ತಿಂಗಳ ಎರಡನೇ ಶನಿವಾರ ಧೀರೇಂದ್ರ ಕಮಲಾಪುರದಿಂದ ಬಸ್ಸು ಹತ್ತಿ ಕಲಬುರಗಿಗೆ ಬಂದು, ವಹಾಬ್ ಸಾಹೇಬರ ಕಂಪ್ಯೂಟರ್ ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪುಗಳ ಮುಂದೆ ಒಂದೂವರೆ ತಾಸು ಕುಳಿತಿದ್ದ. ತಾಲೂಕು ಕಚೇರಿಯ ಗುಮಾಸ್ತ ಅವನು. ಕಂಪ್ಯೂಟರ್ ಆಟದ ಗಂಧಗಾಳಿಯೂ ಗೊತ್ತಿರಲಿಲ್ಲ. ಆಡುವವನು ಅವನ ಒಬ್ಬನೇ ಮಗ, ಹದಿನೆಂಟರ ಕೌಸ್ತುಭ.

ಕೌಸ್ತುಭನಿಗೆ ಆರನೇ ವಯಸ್ಸಿಗೇ ಸ್ನಾಯುಗಳು ಸವೆಯುವ ಕಾಯಿಲೆ ಕಾಣಿಸಿತ್ತು. ಹತ್ತಕ್ಕೆ ಗಾಲಿಕುರ್ಚಿ ಬಂತು. ಈಗ ಕತ್ತು ಸ್ವಲ್ಪ, ಬಲಗೈಯ ಮೂರು ಬೆರಳು, ಎಡಗೈಯ ಹೆಬ್ಬೆರಳು ಇಷ್ಟೇ ಅವನ ಮಾತು ಕೇಳುತ್ತಿದ್ದವು. ರಾತ್ರಿ ಮಲಗುವಾಗ ಮೂಗಿಗೆ ಮಾಸ್ಕ್ ಹಾಕಿ ಉಸಿರಾಟದ ಮಷೀನು ಹಚ್ಚಬೇಕು. ಆ ನಾಲ್ಕು ಬೆರಳುಗಳಿಂದಲೇ ಅವನು ಬಸ್ ಓಡಿಸುವ ಆಟ ಆಡುತ್ತಿದ್ದ. ಬೀದರ, ಹುಮನಾಬಾದ, ಸೇಡಂ ಕಡೆಯ ಹತ್ತು ಹನ್ನೆರಡು ಹುಡುಗರು ಇಂಟರ್ನೆಟ್ಟಿನಲ್ಲಿ ಕೂಡಿಕೊಂಡು, ಒಂದರ ಹಿಂದೆ ಒಂದು ಬಸ್ಸು ಸಾಲುಹಚ್ಚಿ ಓಡಿಸುವುದು. ಅವರಲ್ಲೊಬ್ಬ ತಿಂಗಳುಗಟ್ಟಲೆ ಕುಳಿತು ಬೀದರ ಕಲಬುರಗಿಯ ಹೆದ್ದಾರಿಯನ್ನೇ ಆಟದೊಳಗೆ ತಂದಿದ್ದ. ಆದರೆ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಕೌಸ್ತುಭನ ಬಸ್ಸು ತಿರುವಿಗೊಮ್ಮೆ ತಡವರಿಸಿ, ಯಾವಾಗಲೂ ಸಾಲಿನ ಕೊನೆಗೆ ಬೀಳುತ್ತಿತ್ತು.

ವಹಾಬ್ ಸಾಹೇಬರು ಏನನ್ನೂ ಮುಚ್ಚಿಡಲಿಲ್ಲ. ಮೊದಲನೆಯದು ಎಂಟು ತಿಂಗಳು ಅಂಗಡಿಯಲ್ಲಿ ತೋರಿಸಲು ಇಟ್ಟದ್ದು, ಅದಕ್ಕೇ ಇಪ್ಪತ್ತೆಂಟು ಸಾವಿರ ರಿಯಾಯಿತಿ. ಗ್ರಾಫಿಕ್ಸ್ ಕಾರ್ಡು ಭಾರಿ, ಎಂಥ ಆಟವಾದರೂ ನೀರಿನಂತೆ ಓಡುತ್ತದೆ. ಆದರೆ ಕಲ್ಲಿನಷ್ಟು ಭಾರ, ಕಾದರೆ ಫ್ಯಾನು ಗೊರಗುಟ್ಟುತ್ತದೆ, ಆಟಕ್ಕೆ ಕೂತರೆ ಬ್ಯಾಟರಿ ಒಂದು ತಾಸು ಬಂದರೆ ಹೆಚ್ಚು. ಅದರ ಚಾರ್ಜರು ಕರೆಂಟು ಕುಡಿಯುತ್ತದೆ, ಇನ್ವರ್ಟರ್ ಮೇಲೆ ಓಡಿಸಬಾರದು. ವಾರಂಟಿ ಒಂದೇ ವರ್ಷ. ಎರಡನೆಯದು ಪೆಟ್ಟಿಗೆ ಒಡೆಯದ ಹೊಸದು. ಶಕ್ತಿ ತುಸು ಕಡಿಮೆ, ಆದರೆ ಹಗುರ, ಬ್ಯಾಟರಿ ಬಾಳಿಕೆ ಹೆಚ್ಚು, ಮೂರು ವರ್ಷದ ವಾರಂಟಿ. ಹನ್ನೆರಡು ಸಾವಿರ ಜಾಸ್ತಿ.

“ನನ್ನ ಮಾತ ಕೇಳ್ರಿ ಸಾಹೇಬ್ರ,” ಎಂದರು ವಹಾಬ್. “ಹನ್ನೆರಡ ಸಾವಿರ ಹೋದ್ರ ಹೋಗ್ಲಿ, ಹೊಸಾದೇ ಒಯ್ರಿ. ಮೂರ ವರ್ಷ ತಿರುಗಿ ನೋಡೂದಿಲ್ಲ.”

ಜನವರಿಯಲ್ಲಿ ಹೈದರಾಬಾದಿನ ಡಾಕ್ಟರು ಕೌಸ್ತುಭನನ್ನು ಏನೋ ನೆಪ ಮಾಡಿ ಹೊರಗೆ ಕಳಿಸಿ, ಗಂಡಹೆಂಡಿರನ್ನು ಕೂರಿಸಿಕೊಂಡು, ಹೃದಯ ಬಹಳ ಸೋತಿದೆ, ಒಂದು ವರ್ಷ, ಬಹಳವೆಂದರೆ ಒಂದೂವರೆ ಎಂದಿದ್ದರು. ಆ ಮಾತನ್ನು ಹೆಂಡತಿ ಮೃದುಲಾ ಕೇಳಿಸಿಕೊಂಡಳೇ ಹೊರತು ಮನೆಗೆ ತರಲಿಲ್ಲ. ಹಾದಿಯಲ್ಲೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಧೀರೇಂದ್ರನಿಗೆ ಮಾತ್ರ ಕಚೇರಿಯ ಕಡತದಲ್ಲಿ ಯಾವ ತಾರೀಖು ಬರೆದರೂ ಅದು ನೆನಪಾಗುತ್ತಿತ್ತು.

ಅವನು ಎರಡರ ಕೀಲಿಮಣೆಯ ಕೀಲಿಗಳನ್ನೂ ಕಿರುಬೆರಳಿನಿಂದ ಒಂದೊಂದಾಗಿ ಒತ್ತಿ ನೋಡಿದ. ಹೊಸದರ ಕೀಲಿಗಳು ಬಿಗಿ. ಮೊದಲನೆಯದರವು ಗಿರಾಕಿಗಳ ಬೆರಳಾಡಿ ಮೆತ್ತಗಾಗಿದ್ದವು, ಮುಟ್ಟಿದರೆ ಇಳಿಯುತ್ತಿದ್ದವು. ಮಗನ ಬೆರಳಿಗೆ ಇದೇ ಸರಿ ಎಂದು ಅವನು ವಹಾಬ್ ಸಾಹೇಬರಿಗೆ ವಿವರಿಸಿದ. ಹೇಳಿದ್ದು ಸುಳ್ಳಲ್ಲ. ಆದರೆ ಮೂರು ವರ್ಷ ಎಂಬ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ, ಕೀಲಿ ಮುಟ್ಟುವ ಮೊದಲೇ, ಅದನ್ನು ತೆಗೆದುಕೊಂಡು ಏನು ಮಾಡುವುದು ಎಂದು ತಾನು ಲೆಕ್ಕ ಹಾಕಿಬಿಟ್ಟದ್ದು ಅವನಿಗೆ ಗೊತ್ತಿತ್ತು. ಮೊದಲನೆಯದನ್ನೇ ಕೊಂಡು, ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ, ಮಗನ ಆಯುಷ್ಯಕ್ಕೆ ತಾನೇ ಅಂಗಡಿಯಲ್ಲಿ ರುಜು ಹಾಕಿ ಬಂದಂತೆ ಅನಿಸಿತು.

ಮನೆಯಲ್ಲಿ ಮೃದುಲಾ ಕೇಳಿದ ಮೊದಲ ಪ್ರಶ್ನೆಯೇ ವಾರಂಟಿ ಎಷ್ಟು ವರ್ಷದ್ದೆಂದು. ಮೂರು ಎಂದ. ಆಕೆ ಮುಖ ಅರಳಿಸಿ, ಒಳ್ಳೇದಾಯಿತು ಎಂದು ಚಹಾಕ್ಕೆ ಇಡಲು ಒಳಗೆ ಹೋದಳು.

ಕೌಸ್ತುಭ ಸ್ವಲ್ಪ ಹೊತ್ತು ಕೀಲಿಗಳ ಮೇಲೆ ಬೆರಳಾಡಿಸುತ್ತ ಇದ್ದ. ಆಮೇಲೆ ಮೆಲ್ಲಗೆ ಹೇಳಿದ:

“ಅಪ್ಪಾ, ಈ ಮಾಡೆಲ್ಲಿಗೆ ಒಂದ ವರ್ಷನ ಇರೂದು. ನಾ ಮೊದಲ ನೋಡಿದ್ದೆ.”

ಧೀರೇಂದ್ರನಿಗೆ ತಲೆ ಎತ್ತಲಾಗಲಿಲ್ಲ.

“ನೀವು ಛಲೋ ಮಾಡೀರಿ. ನಾ ಬಂದಿದ್ರೂ ಇದನ್ನ ತಗೋತಿದ್ದೆ. ಅವ್ವಗ ಹೇಳಬ್ಯಾಡ್ರಿ.”

ಅವತ್ತಿನಿಂದ ಅಪ್ಪ ಮಗನ ನಡುವೆ ಡಾಕ್ಟರು ಕೊಟ್ಟ ಆ ಒಂದು ವರ್ಷದ ವಿಷಯ ಇಬ್ಬರಿಗೂ ಗೊತ್ತಿದ್ದೂ ಮಾತಾಗದೆ ಉಳಿಯಿತು.

ಏಪ್ರಿಲ್ ತಿಂಗಳು ಹುಡುಗ ಹುರುಪಿನಲ್ಲಿದ್ದ. ಅವನ ಬಸ್ಸು ಈಗ ಸಾಲಿನ ಮುಂದಿತ್ತು. ಹುಮನಾಬಾದಿನ ಆಮಿರ್ ಎಂಬ ಹುಡುಗ ಅವನನ್ನು ಉಸ್ತಾದ್ ಎಂದು ಕರೆಯತೊಡಗಿದ್ದ. ಹೆಡ್‌ಫೋನಿನಲ್ಲಿ ಅವರು ಏನೇನೋ ಹರಟಿ ನಗುತ್ತಿದ್ದರು, ಅಡುಗೆಮನೆಯಲ್ಲಿ ಮೃದುಲಾ ಕೈಕೆಲಸ ಬಿಟ್ಟು ಕೇಳಿಸಿಕೊಳ್ಳುತ್ತಿದ್ದಳು. ಆದರೆ ಉಸಿರು ಕುಗ್ಗುತ್ತ ಬಂತು. ಮೇ ಹೊತ್ತಿಗೆ ಮಧ್ಯಾಹ್ನವೂ ಮಾಸ್ಕ್ ಹಾಕಿಕೊಂಡೇ ಆಡಬೇಕಾಯಿತು.

ಮೇ ಕೊನೆಯ ಭಾನುವಾರ ಹುಡುಗರು ಬೀದರದಿಂದ ಕಲಬುರಗಿಯವರೆಗೆ ಹನ್ನೊಂದು ಬಸ್ಸು ಹೊರಡಿಸಿದ್ದರು. ಮೂರು ಗಂಟೆಗೆ ಬಿರುಗಾಳಿ ಎದ್ದು ಊರಿನ ಕರೆಂಟು ಹೋಯಿತು. ಉಸಿರಾಟದ ಮಷೀನು ಇನ್ವರ್ಟರ್ ಮೇಲೆ ನಡೆಯುತ್ತಿತ್ತು. ಮುಕ್ಕಾಲು ತಾಸಿನಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಕೆಂಪಾಯಿತು.

“ಅಪ್ಪಾ, ಚಾರ್ಜರ್ ಹಚ್ರಿ. ಕಪನೂರ ಬಂತಂದ್ರ ಕಲಬುರಗಿ ಬಂದಂಗ. ಇನ್ನ ಅರ್ಧ ತಾಸು ಅಷ್ಟ,” ಎಂದ ಕೌಸ್ತುಭ, ಮಾಸ್ಕಿನೊಳಗಿಂದ.

ಒಳಗಿನಿಂದ ಮೃದುಲಾ ಬೇಡ ಎಂದಳು. ವಹಾಬ್ ಸಾಹೇಬರು ಹೇಳಿದ್ದು ಧೀರೇಂದ್ರನಿಗೂ ನೆನಪಿತ್ತು. ಇನ್ವರ್ಟರಿನ ಬ್ಯಾಟರಿಗೆ ಬೆಳಿಗ್ಗೆಯಷ್ಟೇ ನೀರು ಹಾಕಿದ್ದೇನೆ, ನಾಲ್ಕು ತಾಸು ತಡೆಯುತ್ತದೆ ಎಂದು ಅವನು ಅಂದಾಜು ಮಾಡಿದ. ಮಗನ ಮುಖ ನೋಡಿದ. ಹೋಗಿ ಪ್ಲಗ್ ಹಚ್ಚಿದ.

ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಇನ್ವರ್ಟರ್ ಕೂಗಿಕೊಂಡಿತು. ಅವನು ಓಡಿ ಚಾರ್ಜರ್ ಕೀಳುವಷ್ಟರಲ್ಲಿ ಅದು ಸುಮ್ಮನಾಯಿತು. ಅದರ ಜೊತೆಗೆ ಮಷೀನೂ ನಿಂತಿತು. ಕೌಸ್ತುಭನ ಕಣ್ಣು ದೊಡ್ಡವಾದವು. ಮೃದುಲಾ ಮಾಸ್ಕ್ ಕಿತ್ತು, ಇಂಥ ಹೊತ್ತಿಗೆಂದೇ ಡಾಕ್ಟರು ಕೊಟ್ಟಿದ್ದ ರಬ್ಬರ್ ಚೀಲವನ್ನು ಮಗನ ಮುಖಕ್ಕೆ ಹಿಡಿದು ಕೈಯಿಂದ ಒತ್ತಿ ಉಸಿರು ಕೊಡತೊಡಗಿದಳು. ಪಕ್ಕದ ಮನೆಯ ಖಂಡೆಪ್ಪ ಜೀಪು ತಂದ. ದಾರಿಯಲ್ಲಿ ಮರಗಳು ಬಿದ್ದಿದ್ದವು. ಒಂದು ತಾಸಿನ ಹಾದಿಗೆ ಎರಡು ತಾಸಾಯಿತು. ಮೃದುಲಾ ಕೈ ಬದಲಿಸಲು ಯಾರಿಗೂ ಬಿಡಲಿಲ್ಲ. ಅಷ್ಟೂ ಹೊತ್ತು ಆಕೆ ಗಂಡನ ಕಡೆ ನೋಡಲೂ ಇಲ್ಲ.

ಕಲಬುರಗಿಯ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಕೆ ಹಾಕಿದರು. ಕೌಸ್ತುಭ ಮತ್ತೆ ಮಾತಾಡಲಿಲ್ಲ. ಒಂಬತ್ತನೇ ದಿನ ಬೆಳಗಿನ ಜಾವ ಹೃದಯ ನಿಂತಿತು. ಹೃದಯ ಮೊದಲೇ ಸೋತಿತ್ತು, ಇದು ಯಾವ ದಿನವಾದರೂ ಆಗಬಹುದಿತ್ತು, ಕರೆಂಟು ಹೋದದ್ದು ನೆಪ ಎಂದು ಡಾಕ್ಟರು ಭುಜ ತಟ್ಟಿದರು. ಧೀರೇಂದ್ರ ತಲೆಯಾಡಿಸಿದ. ನಂಬಲಿಲ್ಲ.

ತಿಥಿಗೆ ಬಂದ ನೆಂಟರೆಲ್ಲ ಹದಿನಾಲ್ಕನೇ ದಿನ ಹೋದ ಮೇಲೆ, ಅವತ್ತೇ ಚಾರ್ಜಿಗೆ ಹಚ್ಚಿದ್ದ ಕೌಸ್ತುಭನ ಫೋನು ರಿಂಗಾಯಿತು. ಆಮಿರ್. ಇಷ್ಟು ದಿನ ಎಷ್ಟು ಸಲ ಹಚ್ಚಿದರೂ ಫೋನು ಬಂದ್ ಆಗಿತ್ತು ಎಂದ. ಧೀರೇಂದ್ರ ವಿಷಯ ಹೇಳಿದ.

“ಅವತ್ತ ಕಪನೂರ ಹತ್ರ ಅವನ ಬಸ್ ನಿಂತುಬಿಡ್ತು ಅಂಕಲ್,” ಎಂದ ಹುಡುಗ. “ನೆಟ್ ಹೋಗಿರಬೇಕು ಅಂತ ನಾವೂ ಹಿಂದ ನಿಂತ್ವಿ. ಒಂದ ತಾಸ ನಿಂತ್ವಿ. ದೀಪಾವಳಿಗೆ ಎಲ್ಲಾರೂ ಬೀದರ ಕೋಟೆ ಹತ್ರ ಖುದ್ದ ಸೇರೋಣು, ನಾನೂ ಬರ್ತೀನಿ ಅಂದಿದ್ದ.”

ಮಗ ಎಂಟು ವರ್ಷದಿಂದ ನಡೆದಿರಲಿಲ್ಲ ಎಂಬುದು ಆ ಹುಡುಗನಿಗೆ ಗೊತ್ತೇ ಇಲ್ಲ ಎಂದು ಧೀರೇಂದ್ರನಿಗೆ ಆಗ ಹೊಳೆಯಿತು. ಅವನು ಹೇಳಲಿಲ್ಲ. ಬರುತ್ತಿದ್ದ, ಖಂಡಿತ ಬರುತ್ತಿದ್ದ ಎಂದಷ್ಟೇ ಹೇಳಿ ಫೋನು ಇಟ್ಟ.

ಮೃದುಲಾ ಬಾಗಿಲಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಹದಿನಾಲ್ಕು ದಿನದಿಂದ ನಾಲಿಗೆಯ ಮೇಲಿದ್ದ ಮಾತನ್ನು ಅವನು ಕೇಳಿಯೇಬಿಟ್ಟ: ತಾನು ಪ್ಲಗ್ ಹಚ್ಚದಿದ್ದರೆ ಹುಡುಗ ಇವತ್ತು ಇರುತ್ತಿದ್ದನೇ?

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ನಂಗ ಕೇಳಬ್ಯಾಡ್ರಿ. ತಪ್ಪು ಮಾಡಿದ್ರಿ ಅನ್ನಲಿಕ್ಕೂ ನಂಗ ಬಾಯಿ ಬರೂದಿಲ್ಲ, ಇಲ್ಲ ಅನ್ನಲಿಕ್ಕೂ ಬರೂದಿಲ್ಲ. ಇನ್ನೊಮ್ಮೆ ಕೇಳಬ್ಯಾಡ್ರಿ.”

ಉಸಿರಾಟದ ಮಷೀನು ಬಾಡಿಗೆಯದು. ತಿಂಗಳು ಮುಗಿಯುವುದರೊಳಗೆ ಒಪ್ಪಿಸಿ ಬನ್ನಿ ಎಂದು ಹೇಳಿ ಆಕೆ ಒಳಗೆ ಹೋದಳು. ಧೀರೇಂದ್ರ ಅದರ ಕೊಳವೆಯನ್ನು ತೊಳೆದು, ನೀರು ಬಸಿಯಲಿ ಎಂದು ಅಂಗಳದ ತಂತಿಗೆ ನೇತುಹಾಕಿ, ಒಣಗುವವರೆಗೂ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದ.