ಜರ್ಮನಿ ಕಾರ್ಡ್‌ಲೆಸ್

ಮಸ್ಕಿಯ ಮೈಕ್‌ಸೆಟ್ ಮೈಲಾರಲಿಂಗಪ್ಪ ಸಿಂಧನೂರಿನಲ್ಲಿ ಮೈಕಿನ ಮುಂದೆ ಒಮ್ಮೆ ಸೀನಿದರೆ, ಲಿಂಗಸೂಗೂರಿನಲ್ಲಿ ಊರಿಗೆ ಹೊರಟ ಮಂದಿ ಅಪಶಕುನವಾಯಿತೆಂದು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂಡುತ್ತಿದ್ದರು. ಬಸ್ಸು ಕೂಡ ಅವನ ಎರಡನೆಯ ಸೀನು ಕೇಳಿದ ಮೇಲೆಯೇ ಹೊರಡುತ್ತಿತ್ತು. ಇದಕ್ಕೆ ಸಾಕ್ಷಿ ಯಾರು ಎಂದು ಯಾರಾದರೂ ಕೇಳಿದರೆ ಅವನು ಎದೆ ತಟ್ಟಿಕೊಂಡು, "ಸೀನಿದಾವ ನಾನ. ಇನ್ಯಾರ ಸಾಕ್ಷಿ ಬೇಕು?" ಎನ್ನುತ್ತಿದ್ದ.

ಅಂಥವನ ಕೈಗೆ ತೊಂಬತ್ತಾರನೆಯ ಇಸವಿಯಲ್ಲಿ ಒಂದು ಕಾರ್ಡ್‌ಲೆಸ್ ಮೈಕು ಬಂತು. ವೈರಿಲ್ಲ, ಗಂಟಿಲ್ಲ. ಕೈಯಲ್ಲಿ ಹಿಡಿದು ಹಾಡಿದರೆ ಸಾಕು, ಅಷ್ಟು ದೂರದಲ್ಲಿಟ್ಟ ಪೆಟ್ಟಿಗೆಯೊಂದು ಆ ದನಿಯನ್ನು ಗಾಳಿಯಲ್ಲೇ ಹಿಡಿದು ಹಾರ್ನಿಗೆ ಕೊಡುತ್ತದೆ. ಮೈಲಾರಲಿಂಗಪ್ಪನ ಮಾತು ನಂಬುವುದಾದರೆ ಅದು ಜರ್ಮನಿಯಿಂದ ಮುಂಬೈಗೆ ಹಡಗಿನಲ್ಲಿ ಬಂದು, ಮುಂಬೈಯಿಂದ ವಿಮಾನ ಹತ್ತಿ, ಕೊನೆಗೆ ಕೆಂಪು ಬಸ್ಸಿನ ಟಾಪಿನ ಮೇಲೆ ಮಸ್ಕಿಯಲ್ಲಿ ಇಳಿದಿತ್ತು.

ಸಾಮಾನಿನ ಮೇಲೆ ಹೆಸರು ಬರೆಸುವುದು ಮೈಕ್‌ಸೆಟ್ಟಿನವರ ರೂಢಿ. ಹೆಸರಿಲ್ಲದ ಹಾರ್ನು ಒಬ್ಬನ ಗಾಡಿಯಲ್ಲಿ ಮದುವೆಗೆ ಹೋಗಿ ಇನ್ನೊಬ್ಬನ ಗಾಡಿಯಲ್ಲಿ ಮನೆಗೆ ಬರುತ್ತದೆ. ಆದರೆ ಮೈಲಾರಲಿಂಗಪ್ಪ ಹೆಸರಿಗಷ್ಟೇ ನಿಲ್ಲಲಿಲ್ಲ. ಪೇಂಟರನ್ನು ಕೂಡಿಸಿಕೊಂಡು ಪೆಟ್ಟಿಗೆಯ ಮೈಗೆಲ್ಲ ದಪ್ಪಗೆ ಹಸಿರು ಬಣ್ಣ ಬಳಿಸಿದ. ತಳವನ್ನೂ ಬಿಡಲಿಲ್ಲ.

ಸಿಂಧನೂರಿನ ಹತ್ತಿರ ನಿರಾಶ್ರಿತರಾಗಿ ಬಂದು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಂಗಾಲಿಗಳಿಗೆ ಬೇಕಾಗಿದ್ದೂ ಅಂಥದ್ದೇ ಮೈಕು. ಅವರ ನಾಮಕೀರ್ತನೆ ಒಂದು ಹಗಲು, ಒಂದು ರಾತ್ರಿ ಎಲ್ಲೂ ಕಡಿಯಬಾರದು. ಹಾಡುವವರು ಪೆಂಡಾಲಿನ ನಡುಗಂಬವನ್ನು ಸುತ್ತುತ್ತಾ ಹಾಡುತ್ತಾರೆ. ಹಿಂದಿನ ವರ್ಷ ವೈರಿನ ಮೈಕು ಹಿಡಿದವನು ಗೂಟಕ್ಕೆ ಕಟ್ಟಿದ ಆಡಿನಂತೆ ಸುತ್ತಿ ಸುತ್ತಿ ಕೊನೆಗೆ ಕಂಬಕ್ಕೇ ಅಂಟಿಕೊಂಡಿದ್ದ. ಕ್ಯಾಂಪಿನ ಹಿರಿಯ ಹರಿಪದ ಮಂಡಲ್ ಈ ಸಲ ಮೈಲಾರಲಿಂಗಪ್ಪನಿಗೆ ಹೇಳಿಕಳಿಸಿದ್ದ. "ಕೀರ್ತನಾ ಕಡೀಲಾರದಂಗ ನಡೆಸಿಕೊಡು. ಐದೂ ಕ್ಯಾಂಪಿನ ದುರ್ಗಾಪೂಜಾ ನಿಂಗ. ಕಡದ್ರ ಮಾತ್ರ ಸಿಂಧನೂರು ಮೈಕ್‌ಸೆಟ್ ಶೇಕ್ಷಾವಲಿಗೆ."

ಬೆಳಿಗ್ಗೆ ಕೀರ್ತನೆ ಚೆನ್ನಾಗಿಯೇ ಏರಿತು. ಖೋಲೆಂಬ ಮದ್ದಳೆ, ತಾಳ, "ಹರಿಬೋಲ್". ಹೊತ್ತು ಸ್ವಲ್ಪ ಏರಿದಾಗ ಹಾರ್ನುಗಳಿಂದ ಬೇರೊಂದು ಗಂಟಲು ಗುಡುಗಿತು:

"ಸಂತೆಕಲ್ಲೂರು ಅಮರಮ್ಮನೋರಿಂದ ತಾಮ್ರದ ಕೊಡ ಒಂದು!"

ಪೆಂಡಾಲಿನಲ್ಲಿದ್ದ ಮುದುಕಿಯರು ದೇವರ ಮುಂದೆ ಕೊಡ ಎಲ್ಲಿದೆ ಎಂದು ನೋಡಿದರು. ಮೈಲಾರಲಿಂಗಪ್ಪ ಕಾಲುವೆಯ ಆಚೆ ನೋಡಿದ. ಅಲ್ಲಿ ರೈಸ್‌ಮಿಲ್ಲಿನ ಅಂಗಳದಲ್ಲಿ ಲಿಂಗಸೂಗೂರು ಕಡೆಯವರ ಮದುವೆ. ಬಂದ ಉಡುಗೊರೆಗಳ ಆಯೇರಿ ಕೂಗುತ್ತಿದ್ದ ಮೈಕು ಶೇಕ್ಷಾವಲಿಯದು. ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಇದೇ ಶೇಕ್ಷಾವಲಿ ಕಾರಣವಿಲ್ಲದೆ ನಕ್ಕಿದ್ದ. ಕಾರಣವಿಲ್ಲದೆ ಯಾರು ನಗುತ್ತಾರೆ?

ಆದರೂ ಅವನು ಮೊದಲು ಹಿಡಿದದ್ದು ಹೆಂಡತಿಯ ತಮ್ಮ, ಹಾರ್ನು ಕಟ್ಟುವ ಆದೆಪ್ಪನನ್ನು.

"ಲೇ ಆದ್ಯಾ, ಮದಿವಿ ಕಡಿ ಯಾಕ ಹೋಗಿದ್ದಿ?"

"ಉಣ್ಣಾಕ ಹೋಗಿದ್ನಿ ಮಾಮಾ."

"ಉಂಡಿ, ಖರೇ. ಬರೋವಾಗ ನಮ್ಮ ವೈರ್ ಅವರ ವೈರಿಗೆ ಗಂಟು ಹಾಕಿ ಬಂದಿ?"

"ಕಾಲುವಿ ಅಡ್ಡ ಐತಿ. ನಮ್ಮ ವೈರಿಗೆ ಈಸಾಕ ಬರತೈತೇನು?"

ಅಲ್ಲಿಂದ ಅನುಮಾನ ಜನರೇಟರಿನವನ ಮೇಲೆ ಹೋಯಿತು. ಅವನ ತಂಗಿಯನ್ನು ಕೊಟ್ಟದ್ದು ಸಿಂಧನೂರಿಗೆ, ಅದೂ ಶೇಕ್ಷಾವಲಿಯ ಓಣಿಗೆ. ಮೈಲಾರಲಿಂಗಪ್ಪ ಅರ್ಥಿಂಗಿನ ಸಲಾಕೆಗೆ ನೀರು ಹೊಯ್ಯಿಸಿ ನೋಡಿದ. ಹಾರ್ನುಗಳನ್ನು ಒಂದೊಂದಾಗಿ ಬಿಚ್ಚಿಸಿ ನೋಡಿದ. ಒಂದೇ ಹಾರ್ನು ಉಳಿದಾಗಲೂ ಅದರಿಂದ "ಹಿತ್ತಾಳಿ ತಂಬಿಗಿ ಎರಡು" ಬಂತು. ಚಹಾ ಕೊಡುತ್ತಿದ್ದ ಮೀರಾಬಿ ಎರಡು ಸಲ ಪೆಟ್ಟಿಗೆಯ ಹತ್ತಿರ ಸುಳಿದಳೆಂದು ಅವಳ ಕೆಟಲಿನ ಮುಚ್ಚಳವನ್ನೂ ತೆಗೆಸಿ ನೋಡಿದ.

"ಏನೈತೋ ಅಣ್ಣಾ ಒಳಗ? ಶೇಕ್ಷಾವಲಿ ಕುಂತಾನೇನು?" ಎಂದಳು ಮೀರಾಬಿ.

ಕೊನೆಗೆ ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಹಾಡುವವನು ಕಂಬದ ಈಚೆ, ಪೆಟ್ಟಿಗೆಯ ಕಡೆ ಬಂದರೆ ಹಾರ್ನಿನಲ್ಲಿ ಕೀರ್ತನೆ. ಕಂಬದ ಆಚೆ ಮಂದಿಯ ನಡುವೆ ಹೋದರೆ ಮದುವೆ. ಅವನ ಕೈಯ ಮೈಕು ಒಂದು ಗಳಿಗೆ ಬಂದ್ ಮಾಡಿದ್ದಕ್ಕೆ ಮದುವೆ ಇನ್ನೂ ಜೋರಾಯಿತು. ಪೆಟ್ಟಿಗೆಯ ವೈರು ಕಿತ್ತ ಕೂಡಲೆ ಎರಡೂ ನಿಂತವು. ಅಂದರೆ ಕಳ್ಳ ಹೊಕ್ಕದ್ದು ವೈರಿನಿಂದಲ್ಲ, ಗಾಳಿಯಿಂದ. ಹಸಿರು ಪೆಟ್ಟಿಗೆಯ ಬಾಗಿಲಿನಿಂದ.

ವೈರು ಮತ್ತೆ ಸಿಕ್ಕಿಸುವಷ್ಟರಲ್ಲಿ ಕಾಲುವೆಯ ಸೇತುವೆ ದಾಟಿ ಶೇಕ್ಷಾವಲಿಯೇ ಬಂದ. ಮುಖ ಕೆಂಪಗಾಗಿತ್ತು.

"ಮೈಲಾರಲಿಂಗಪ್ಪ, ಏನ್ ಹಚ್ಚೀಯೋ? ಅಲ್ಲಿ ಬೀಗರು ಆಯೇರಿ ಕೂಗಿಸಾಕತ್ತಾರ, ನಮ್ಮ ಹಾರ್ನ್ಯಾಗ ‘ಹರಿಬೋಲ್’ ಅಂತೈತಿ. ಮದುಮಗನ ಸೋದರಮಾವ ಎದ್ದು ಹೊಂಟಾನ!"

"ಕಳ್ಳನ ಬಂದು ‘ಕಳ್ಳ’ ಅಂತ ಒದರಾಕತ್ತಾನ ನೋಡ್ರಿ! ಜರ್ಮನಿ ಮೈಕಿಗೆ ಕಣ್ಣು ಹಾಕೀಯಲ್ಲೋ!"

ಹರಿಪದ ಮಂಡಲ್ ಇಬ್ಬರ ನಡುವೆ ಬಂದು ನಿಂತ. ಹಿಂದೆ ಕೀರ್ತನೆ ಕುಂಟುತ್ತಾ ನಡೆದಿತ್ತು.

ಶೇಕ್ಷಾವಲಿ ದನಿ ಇಳಿಸಿದ. "ಅಣ್ಣಾ, ಈ ಮೈಕಿಗೆ ಒಂದು ನಂಬರ್ ಇರತೈತಿ. ಎರಡು ಮೈಕು ಒಂದ ನಂಬರಿನವು ಬಾಜೂಕ ಬಂದ್ರ ಹಿಂಗ ಹೊಡದಾಡ್ತಾವ. ನಂದು ನಾಲ್ಕು. ನಿಂದೆಷ್ಟು?"

"ಜರ್ಮನಿಗೆ ನಂಬರ್ ಇರಂಗಿಲ್ಲ."

"ಪೆಟಿಗಿ ತಳಕ್ಕ ಇರತೈತಿ. ನನ್ನ ಹಂತ್ಯಾಕ ಬ್ಯಾರೆ ನಂಬರಿಂದು ಇನ್ನೊಂದೈತಿ, ಬ್ಯಾಂಡಿನವ ಹಿಡಕೊಂಡಾನ. ಸುಮ್‌ಸುಮ್ನ ಬಿಡಿಸಿದ್ರ ಅವ ನನ್ನ ಬಡೀತಾನ. ನಿಂದೂ ನಾಲ್ಕಂತ ತೋರ್ಸು, ಈಗ ಬದಲಿ ಮಾಡ್ತೀನಿ."

ಮೈಲಾರಲಿಂಗಪ್ಪ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡ. ತಳದ ಹಸಿರಿನ ಕೆಳಗೆ ಏನಿದೆಯೆಂಬುದು ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿತ್ತು. ಒಬ್ಬ ಅವನು, ಇನ್ನೊಬ್ಬ ಪೇಂಟರು. ತೋರಿಸಿದರೆ ಜರ್ಮನಿ ಹೋಗುತ್ತದೆ. ತೋರಿಸದಿದ್ದರೆ ಕ್ಯಾಂಪುಗಳು ಹೋಗುತ್ತವೆ.

"ಬಣ್ಣ ಕೆಡತೈತಿ," ಎಂದ.

ಹರಿಪದ ಅವನನ್ನೇ ನೋಡಿದ. "ಕೀರ್ತನಾ ಕೆಡಾಕತ್ತೈತಿ. ನಿಂಗ ಬಣ್ಣದ ಚಿಂತಿ. ಇಷ್ಟೊತ್ತು ಎಲ್ಲಾರ ಮ್ಯಾಲೂ ಅನುಮಾನ ಮಾಡಿದಿ. ಈಗ ನಂಗ ನಿನ್ನ ಮ್ಯಾಲ ಬಂದೈತಿ."

ಅಷ್ಟರಲ್ಲಿ ಹಾಡುವವನು ಕಂಬದ ಆಚೆ ಸರಿದ. ಹಾರ್ನು ಗುಡುಗಿತು: "ಸ್ಟೀಲಿನ ಬೋಗುಣಿ ಐದು!" ಒಬ್ಬ ಮುದುಕಿ ತಾಳ ಕೆಳಗಿಟ್ಟಳು. ಅದನ್ನು ಕಂಡು ಇನ್ನೊಬ್ಬಳೂ ಇಟ್ಟಳು.

ಮೈಲಾರಲಿಂಗಪ್ಪನ ಕೈ ಸಡಿಲಾಯಿತು. ಆದೆಪ್ಪ ಪೆಟ್ಟಿಗೆಯನ್ನು ಬೋರಲು ಹಾಕಿ ಬ್ಲೇಡಿನಿಂದ ಕೆರೆದ. ಹಸಿರು ಸಿಪ್ಪೆ ಏಳುತ್ತಿದ್ದಂತೆ ಮೊದಲು ಬಿಳಿ ಚೀಟಿಯ ಮೂಲೆ, ಆಮೇಲೆ ಹೈದರಾಬಾದಿನ ಒಂದು ಅಂಗಡಿಯ ಹೆಸರು, ಅದರ ಕೆಳಗೆ ಕೈಯಿಂದ ಬರೆದ ನಾಲ್ಕು.

"ಮಾಮಾ, ಜರ್ಮನಿ ಹೈದರಾಬಾದಿನ್ಯಾಗ ಐತೇನು?"

ಶೇಕ್ಷಾವಲಿ ನಗಲಿಲ್ಲ. ಆಡಿದ ಮಾತಿನಂತೆ ಓಡಿಹೋಗಿ ಬ್ಯಾಂಡಿನವನ ಮೈಕು ಬಿಡಿಸಿ, ಅದನ್ನು ಆಯೇರಿಗೆ ಕೊಟ್ಟು, ನಾಲ್ಕನೆಯ ನಂಬರಿನದನ್ನು ಬಂದ್ ಮಾಡಿದ. ಹಾಡುವವನು ಕಂಬದ ಆಚೆ ಹೋದ, ಕೀರ್ತನೆ. ಈಚೆ ಬಂದ, ಕೀರ್ತನೆಯೇ. ಮುದುಕಿಯರು ತಾಳ ಎತ್ತಿಕೊಂಡರು.

ತಿರುಗಿ ಬಂದಾಗ ಶೇಕ್ಷಾವಲಿಯ ಹುಬ್ಬು ಗಂಟಿಕ್ಕಿತ್ತು. "ಒಂದು ಮಾತು ತಿಳೀವಲ್ದು. ಅದ ಅಂಗಡಿ, ನಂದೂ ಅಲ್ಲೀದ. ಆ ಸೇಠ ಮೊದಲು ಊರು ಕೇಳತಾನ. ‘ನಾಲ್ಕು ನಿಂದು, ಸಿಂಧನೂರು ಸುತ್ತ ಯಾರಿಗೂ ಕೊಡಂಗಿಲ್ಲ’ ಅಂತ ಜಬಾನ್ ಕೊಟ್ಟಿದ್ದ. ಮಸ್ಕಿಯವಂಗ ಹೆಂಗ ಕೊಟ್ಟ? ಮೋಸಗಾರ. ನಾಳೆ ಹೋಗಿ ಕಾಲರ್ ಹಿಡೀತೀನಿ."

"ಹಿಡೀಬೇಕು," ಎಂದ ಆದೆಪ್ಪ. ಜನರೇಟರಿನವನೂ ತಲೆಯಾಡಿಸಿದ. ಎಲ್ಲರ ಅನುಮಾನಕ್ಕೂ ಒಬ್ಬ ದೂರದ ಸೇಠ ಸಿಕ್ಕಿದ್ದ. ಮೈಲಾರಲಿಂಗಪ್ಪ ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಹರಿಪದ ಮಂಡಲ್ ಇನ್ನೂ ಅವನನ್ನೇ ನೋಡುತ್ತಿದ್ದ.

"ಸೇಠ ನಿನ್ನ ಊರು ಕೇಳಿದ್ನೇನು?"

"ಕೇಳಿದ್ನರಿ."

"ಏನಂದಿ?"

ಮೈಲಾರಲಿಂಗಪ್ಪ ಉಗುರಿನಿಂದ ಹಸಿರು ಬಣ್ಣ ಕೆರೆಯುತ್ತಾ ನೆಲಕ್ಕೆ ಹೇಳಿದ: "ಬೊಂಬಾಯಿ ಅಂದ್ನಿರಿ. ಮಸ್ಕಿ ಅಂದ್ರ ಸಣ್ಣಾಂವ ಅಂತ ತಿಳಕೊಂತಾನ ಅಂತ... ಅವ ಎದ್ದು ಕುರ್ಚಿ ಹಾಕಿದ. ಬೊಂಬಾಯಿಗೆ ಯಾವ ನಂಬರಾದ್ರೂ ನಡೀತೈತಂತ ಕೈಗೆ ಸಿಕ್ಕಿದ್ದು ಕೊಟ್ಟ. ಆತಂದು ಏನೂ ತಪ್ಪಿಲ್ಲ."

ಮೀರಾಬಿ ಅವನ ಕೈಗೆ ಒಂದು ಕಪ್ಪು ಚಹಾ ಇಟ್ಟಳು.

"ಮೈಕು ಚಲೋ ಐತಿ. ನಿನ್ನ ಮಾತ ಅದಕ್ಕ ಹೊಂದವಲ್ದು," ಎಂದ ಹರಿಪದ. "ಪೂಜಾಕ್ಕ ನಿನ್ನ ಕರೀತೀನಿ. ಆದ್ರ ಇನ್ನೊಂದು ಐತಲ್ಲ, ನಿನ್ನ ಆ ಸಿಂಧನೂರಿನ ಸೀನು? ಅದೆಲ್ಲಿತನಕ ಹೋಗಿತ್ತು, ಖರೇ ಹೇಳು."

ಮೈಲಾರಲಿಂಗಪ್ಪ ಚಹಾದೊಳಗೆ ನೋಡಿದ. ಲಿಂಗಸೂಗೂರು ನಾಲಿಗೆಯ ತುದಿಯವರೆಗೆ ಬಂದು ನಿಂತಿತು.

"ಎಲ್ಲೂ ಹೋಗಿದ್ದಿಲ್ಲರಿ," ಎಂದ. "ಅವತ್ತು ಮೈಕು ಬಂದಿತ್ತು."

"ಬಂದಿತ್ತು ಅಂದ್ರ?"

"ಬಂದ್ ಇತ್ತರಿ. ಸ್ವಿಚ್ಚ ಹಾಕಿದ್ದಿಲ್ಲ."