ಏನೂ ಒತ್ತದವರು

ಹಿಮ ಬೀಳುವ ಸರೋವರದ ದಂಡೆಯ ಟೂ ಹಾರ್ಬರ್ಸ್ ಊರಿನ ಸೋರ್ವಿ ಆಯಿಲ್ ಕಂಪನಿಯಲ್ಲಿ ಮಾರ್ಲಿಸ್ ಇಪ್ಪತ್ತೊಂಬತ್ತು ವರ್ಷದಿಂದ ಫೋನೆತ್ತುತ್ತಿದ್ದಳು. ಮನೆ ಕಾಯಿಸುವ ಎಣ್ಣೆ ಬೇಕಾದವರು, ಆ ಎಣ್ಣೆ ಉರಿಸುವ ಫರ್ನೇಸ್ ಕೆಟ್ಟವರು, ಲಾರಿ ಎಲ್ಲಿಗೆ ಬಂತು ಎಂದು ರೇಗುವವರು, ಎಲ್ಲರೂ ಮೊದಲು ಬೀಳುತ್ತಿದ್ದುದು ಅವಳ ಕಿವಿಗೇ. ಯಾರೆಂದು ಹೇಳಬೇಕಾಗಿರಲಿಲ್ಲ, ಒಂದು ಸಲ ಕೆಮ್ಮಿದರೆ ಸಾಕಿತ್ತು. ಸಂಜೆ ಐದಕ್ಕೆ ಬಾಗಿಲು ಹಾಕಿ, ಬಟ್ಟೆ ಒಗೆಯುವ ಅಂಗಡಿಯ ಮೇಲಿನ ತನ್ನ ಎರಡು ಕೋಣೆಗೆ ಹೋದಳೆಂದರೆ ಮಾರನೆಯ ಬೆಳಿಗ್ಗೆ ಎಂಟರವರೆಗೆ ಅವಳ ಗಂಟಲಿಗೆ ಕೆಲಸವೇ ಇರುತ್ತಿರಲಿಲ್ಲ.

ಜನವರಿಯಲ್ಲಿ ಒಂದು ದಿನ ಯಜಮಾನ ಗ್ರೆಗ್ ಬಂದು ಅವಳ ಮೇಜಿಗೆ ಒರಗಿ ನಿಂತ. ಮೂಗು ಸುರಿಸಿಕೊಂಡು ಓಡಾಡುತ್ತಿದ್ದ ಕಾಲದಿಂದ ಅವನನ್ನು ಅವಳು ಬಲ್ಲಳು.

"ಮಾರ್ಲಿಸ್, ಈ ಹಳೇ ಫೋನ್ ಡಬ್ಬಿ ಇನ್ನು ರಿಪೇರಿ ಆಗಲ್ವಂತೆ. ಕ್ಲೌಡ್ ಫೋನ್ ಹಾಕಿಸೋಣ. ಎಲ್ಲಾ ಇಂಟರ್‌ನೆಟ್ ಮೇಲೇ ನಡಿಯುತ್ತೆ. ಮೂರು ಕಂಪನಿಯವರ ಹತ್ರ ಮಾತಾಡಿ, ಯಾವುದು ಒಳ್ಳೇದು ನೀವೇ ಆರಿಸಿ."

"ನನ್ನ ಗುಂಡಿ ನನ್ನ ಕೈಲೇ ತೋಡಿಸ್ತೀಯೇನೋ?"

ಗ್ರೆಗ್ ನಗಲಿಲ್ಲ. "ಫೆಬ್ರವರಿಯಿಂದ ನೀವು ಮಧ್ಯಾಹ್ನದವರೆಗೆ ಬಂದ್ರೆ ಸಾಕು. ಆಮೇಲೂ ನಿಮಗೇ ಅಂತ ಯಾರೂ ಫೋನ್ ಮಾಡ್ದೆ ಇದ್ರೆ, ಬೇಸಿಗೆಗೆ ಈ ಮೇಜೂ ಬೇಡ ಅನ್ಕೊಂಡಿದೀನಿ. ಮುಚ್ಚಿಡಬಾರ್ದಲ್ಲ, ಅದಕ್ಕೆ ಹೇಳ್ದೆ."

ಮೊದಲ ಕಂಪನಿಯ ಹುಡುಗಿ ಬಲು ಚುರುಕು. "ನಿಮ್ಮಲ್ಲಿ ಎಷ್ಟು ಸೀಟು ಮೇಡಂ?" ಎಂದಳು.

"ಒಂದೇ. ಅದರದೂ ಮೆತ್ತೆ ಹರಿದಿದೆ."

ಫೋನೆತ್ತುವವರ ಲೆಕ್ಕ ಕೇಳಿದ್ದ ಆ ಹುಡುಗಿ ನಕ್ಕು, ಒಂದು ವಾರ ಪುಕ್ಕಟೆಯಾಗಿ ಬಳಸಿ ನೋಡಲು ಕೊಟ್ಟಳು. ಕರೆದವರಿಗೆ ಕೇಳಿಸುವ ಮಾತನ್ನು ಮಾರ್ಲಿಸಳ ದನಿಯಲ್ಲೇ ಮುದ್ರಿಸಿದರು. "ಸೋರ್ವಿ ಆಯಿಲ್‌ಗೆ ಸ್ವಾಗತ. ನಾನು ಮಾರ್ಲಿಸ್. ಎಣ್ಣೆ ಬೇಕಿದ್ರೆ ಒಂದು ಒತ್ತಿ, ಫರ್ನೇಸ್ ಕೆಟ್ಟಿದ್ರೆ ಎರಡು, ಬಿಲ್ ವಿಚಾರಕ್ಕೆ ಮೂರು." ಒಂದು ಒತ್ತಿದವರು ಲಾರಿಯವನಿಗೆ, ಎರಡು ಒತ್ತಿದವರು ಮೆಕ್ಯಾನಿಕ್‌ಗೆ, ಮೂರು ಒತ್ತಿದವರು ಗ್ರೆಗ್‌ನ ಹೆಂಡತಿಗೆ. ಅವಳ ಪಾಲಿಗೆ ಯಾವ ಅಂಕಿಯೂ ಉಳಿದಿರಲಿಲ್ಲ.

ಸೋಮವಾರ ಫೋನು ಬಡಿದುಕೊಳ್ಳಲಿಲ್ಲ. ಮಂಗಳವಾರವೂ ಇಲ್ಲ. ಅವಳು ಕಿಟಕಿಯ ಜೆರೇನಿಯಂ ಗಿಡಕ್ಕೆ ದಿನಕ್ಕೆರಡು ಸಲ ನೀರು ಹಾಕಿದಳು. ಹತ್ತು ಗಂಟೆ ಹತ್ತು ನಿಮಿಷ ಆದಾಗ ಮಾತ್ರ ಕೈ ತಾನಾಗಿ ರಿಸೀವರ್ ಕಡೆ ಹೋಗುತ್ತಿತ್ತು.

ಅದು ಆರ್ವಿಡ್ ಲಾಕ್ಸೊ ಕರೆಯುವ ಹೊತ್ತು. ಸರೋವರದ ದಂಡೆಯ ದಾರಿಯಲ್ಲಿ ಒಂಟಿಯಾಗಿದ್ದ ಮುದುಕ, ಎಂಬತ್ತಾರು ವಯಸ್ಸು. ಉಳಿದ ಗಿರಾಕಿಗಳಿಗೆ ಲಾರಿ ಲೆಕ್ಕ ಹಾಕಿಕೊಂಡು ತಾನೇ ಹೋಗಿ ಎಣ್ಣೆ ತುಂಬುತ್ತಿತ್ತು. ಆರ್ವಿಡ್ ಅದಕ್ಕೆ ಒಪ್ಪಿರಲಿಲ್ಲ, ತಾನು ಹೇಳಿದಾಗಲೇ ಲಾರಿ ಬರಬೇಕು. ದಿನಾ ಬೆಳಿಗ್ಗೆ ನೆಲಮಾಳಿಗೆಗೆ ಇಳಿದು, ಟ್ಯಾಂಕಿನ ಮುಳ್ಳು ನೋಡಿ, ಮೇಲೆ ಬಂದು ಹೇಳುತ್ತಿದ್ದ: "ಅರ್ಧಕ್ಕಿಂತ ಒಂದು ಕೂದಲು ಕೆಳಗೆ." ಆಮೇಲೆ ಜಿಂಕೆ, ಮಂಜುಗಡ್ಡೆ, ಮಂಡಿನೋವು. ಈ ವಾರ ಅವನ ಸುದ್ದಿಯಿರಲಿಲ್ಲ. ಒಂದು ಒತ್ತಿ ಲಾರಿಯವನ ಹತ್ತಿರವೇ ಹರಟುತ್ತಿರಬೇಕು ಎಂದುಕೊಂಡಳು. ತಾನಾಗಿ ಫೋನ್ ಮಾಡಲು ಮನಸ್ಸಾಗಲಿಲ್ಲ. ಆ ಊರಿನವರು ಕೆಲಸವಿಲ್ಲದೆ ಇನ್ನೊಬ್ಬರ ಮನೆಯ ಗಂಟೆ ಬಾರಿಸುವವರಲ್ಲ.

ಶುಕ್ರವಾರ ಕಂಪ್ಯೂಟರ್ ಪರದೆಯ ಮೇಲೆ ವಾರದ ವರದಿ ಬಂತು. ಕಡೆಯಲ್ಲಿ 'ಕಡಿದ ಕರೆಗಳು' ಎಂದು ಒಂದು ಪಟ್ಟಿ. ಐದು ದಿನ, ಐದು ಕರೆ, ಎಲ್ಲವೂ ಹತ್ತು ಹತ್ತಕ್ಕೆ. ಒಂದೊಂದೂ ನಲವತ್ತು ಸೆಕೆಂಡು. ಆ ನಂಬರ್ ಅವಳಿಗೆ ಬಾಯಿಪಾಠವಾಗಿತ್ತು.

ಅವಳೇ ಫೋನ್ ಮಾಡಿದಳು. ಹನ್ನೊಂದು ಸಲ ಬಡಿದ ಮೇಲೆ ಆರ್ವಿಡ್ ಎತ್ತಿಕೊಂಡ.

"ಈಗ ಪುರುಸೊತ್ತಾಯ್ತೇನಮ್ಮ ನಿಂಗೆ?"

"ಏನಾಯ್ತು ಆರ್ವಿಡ್?"

"ಏನಾಯ್ತಾ? ದಿನಾ ಗುಡ್ ಮಾರ್ನಿಂಗ್ ಮಾರ್ಲಿಸ್ ಅಂತೀನಿ. ನೀನು ನಿನ್ನ ಪಾಡಿಗೆ ಒಂದು ಒತ್ತಿ ಎರಡು ಒತ್ತಿ ಅಂತ ಒದರ್ತೀಯ. ಮಂಡಿ ಹೇಗಿದೆ ಅಂತಾನೂ ಕೇಳಲ್ಲ. ಆಮೇಲೆ ಪಟಾರ್ ಅಂತ ಇಟ್ಟುಬಿಡ್ತೀಯ! ಇಷ್ಟು ವರ್ಷ ಆದ್ಮೇಲೆ ಬೇಜಾರಾದ್ರೆ ಬೇಜಾರು ಅಂತ ಹೇಳ್ಬೇಕು."

ಅವಳಿಗೆ ನಗು ಬಂತು. "ಅದು ನಾನಲ್ಲಪ್ಪ, ಯಂತ್ರ. ನೀವು ಯಾಕೆ ಒಂದು ಒತ್ತಲಿಲ್ಲ?"

"ಎಲ್ಲಿ ಒತ್ತೋದು? ನನ್ನದು ತಿರುಗಿಸೋ ಫೋನು. ಬೆರಳಿಡಕ್ಕೆ ತೂತಿದೆ, ಗುಂಡಿ ಇಲ್ಲ."

"ಟ್ಯಾಂಕಲ್ಲಿ ಎಷ್ಟಿದೆ?"

ಅವನು ಜಿಂಕೆಗಳ ಮಾತು ತೆಗೆದ.

"ಆರ್ವಿಡ್, ಮುಳ್ಳು ಎಲ್ಲಿದೆ?"

"ತಳದಲ್ಲಿ. ನಿನ್ನೆಯಿಂದ ಅಲ್ಲೇ ಮಲಗಿದೆ. ತೊಂದ್ರೆ ಇಲ್ಲ, ಹಬೆ ಸ್ನಾನದ ಸೌನಾ ಕೋಣೆಲಿ ಸೌದೆ ಒಲೆ ಇದ್ಯಲ್ಲ, ಅಲ್ಲೇ ಕೂತಿದ್ದೆ. ಫೋನಿಗೆ ಅಂತ ಕೋಟು ಹಾಕ್ಕೊಂಡು ಅಡುಗೆಮನೆಗೆ ಬಂದೆ." ಆಮೇಲೆ ಗೊಣಗಿದ, "ಬೇಡ ಅಂದವಳಿಗೆ ಮತ್ತೆ ಮತ್ತೆ ಕಾಟ ಕೊಡೋದು ಹೆಂಗೆ?"

ಹೊರಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿತ್ತು. ಅವಳು ಲಾರಿ ಅಟ್ಟಿ, ಟ್ಯಾಂಕು ತುಂಬಿ ಫರ್ನೇಸ್ ಗುರ್ರೆಂದಿತು ಎಂಬ ಸುದ್ದಿ ಬರುವವರೆಗೂ ಕೂರಲಿಲ್ಲ.

ಮಾರನೆಯ ವಾರ ಮೂರು ಕಂಪನಿಯವರಿಗೂ ಅವಳದು ಒಂದೇ ಪ್ರಶ್ನೆ: "ಏನೂ ಒತ್ತದವರು ಎಲ್ಲಿಗೆ ಹೋಗ್ತಾರೆ?" ಚುರುಕು ಹುಡುಗಿ, ಕರೆ ತಾನಾಗೇ ಕಡಿಯುತ್ತೆ ಎಂದಳು. ಎರಡನೆಯವನು, ಸಂದೇಶ ಬಿಡೋ ಪೆಟ್ಟಿಗೆಗೆ ಹೋಗುತ್ತೆ, ನಮ್ಮಲ್ಲಿ ಅದೇ ಪದ್ಧತಿ ಎಂದ. ಮೂರನೆಯವನು ತೊದಲುತ್ತಾ, "ನೀವು ಎಲ್ಲಿಗೆ ಹೇಳ್ತೀರೋ ಅಲ್ಲಿಗೆ ಮೇಡಂ" ಎಂದ. ಅವನ ಪರದೆ ಅಂದವಾಗಿರಲಿಲ್ಲ. ಅವಳು ಅವನನ್ನೇ ಆರಿಸಿ, ಅಂಥವರ ಕರೆ ತನ್ನ ಮೇಜಿಗೇ ಬರಲಿ ಎಂದಳು.

"ಹಾಗೆ ಏನೂ ಒತ್ತದವರು ಎಷ್ಟು ಜನ ಇದಾರೆ ಮಾರ್ಲಿಸ್?" ಎಂದ ಗ್ರೆಗ್.

"ನಂಗೆ ಗೊತ್ತಿರೋದು ಒಬ್ರು."

ಗ್ರೆಗ್ ಕತ್ತು ಕೆರೆದುಕೊಂಡ. "ಒಬ್ರಿಗೋಸ್ಕರ... ಸರಿ, ಅವರು ಇರೋವರೆಗೂ ಬೆಳಗಿನ ಹೊತ್ತು ಈ ಮೇಜು ಇರಲಿ."

ಫೆಬ್ರವರಿ ಬಂತು. ಮೇಜಿನ ಮೇಲಿನ ಹೊಸ ಫೋನು ಬೆಳಗೆಲ್ಲ ಮೂಕವಾಗಿ ಕೂತಿರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಅವಳು ಕೋಟು ಹಾಕಿಕೊಂಡು ಮನೆಗೆ ಹೋಗುತ್ತಾಳೆ, ಆಮೇಲಿನ ಹೊತ್ತು ಉದ್ದವಾಗಿರುತ್ತದೆ. ದಿನಾ ಬೆಳಿಗ್ಗೆ ಹತ್ತು ಹತ್ತಕ್ಕೆ ಪರದೆಯ ಮೂಲೆಯಲ್ಲಿ ಆ ನಂಬರ್ ಮೂಡುತ್ತದೆ. ಆದರೆ ಕೂಡಲೇ ಎತ್ತುವಂತಿಲ್ಲ. ಮೊದಲು ಯಂತ್ರದ ಸರದಿ. ನಲವತ್ತು ಸೆಕೆಂಡು ಅವಳ ದನಿಯೇ ಅವನಿಗೆ ಮತ್ತೆ ಮತ್ತೆ ಒಂದು, ಎರಡು, ಮೂರು ಎಂದು ಹೇಳುತ್ತಿರುವಾಗ, ಅವಳು ರಿಸೀವರ್ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕಾಯುತ್ತಾಳೆ.

ಆಮೇಲೆ ಗಂಟೆ ಬಡಿಯುತ್ತದೆ.

"ಅವಳದು ಮುಗೀತಾ?" ಎನ್ನುತ್ತಾನೆ ಆರ್ವಿಡ್.

"ಮುಗೀತು. ಮಂಡಿ ಹೇಗಿದೆ?"